ಎಕ್ಸ್‌ಪಲ್ಸ್‌ಗೆ ಬಟನ್ ಟೈರ್ ಹಾಕಿಸಿದ ಮೇಲೆ ಟಾರಿನಲ್ಲಿ ಹ್ಯಾಂಡಲ್ ನಡುಗ್ತದೆ, ರಾಡಿಯಲ್ಲೂ ಹತ್ತುವುದಿಲ್ಲ

ಸೋಂದಾ ದಾರಿ (ಶಿರಸಿ)
ನನ್ನ ಬೈಕು ಹೀರೋ ಎಕ್ಸ್‌ಪಲ್ಸ್ 200 4ವಿ. ಹೋದ ವಾರ ಎರಡೂ ಟೈರ್ ತೆಗೆಸಿ 50:50 (ಅರ್ಧ ಟಾರಿಗೆ, ಅರ್ಧ ಮಣ್ಣಿನ ದಾರಿಗೆ) ಬಟನ್ ಟೈರ್ ಹಾಕಿಸಿದೆ. ಗಾಡಿಯ ಜೊತೆ ಬಂದ ಟೈರಿನಲ್ಲಿ ಮಳೆಗಾಲಕ್ಕೆ ತೋಟದ ದಾರಿ ಹತ್ತಲಿಕ್ಕೆ ಆಗ್ತಿರಲಿಲ್ಲ, ಅದಕ್ಕೇ ಇಷ್ಟು ದುಡ್ಡು ಹಾಕಿದ್ದು. ಈಗ ನೋಡಿದರೆ 55 ದಾಟಿದ ಕೂಡಲೇ ಹ್ಯಾಂಡಲ್ ನಡುಗ್ತದೆ. ದೇವಿಮನೆ ಘಟ್ಟ ಇಳಿಯುವಾಗ ಪ್ರತಿ ತಿರುವಿನಲ್ಲೂ ಮುಂದಿನ ಚಕ್ರ ಎರಡು ಸಲ ಯೋಚನೆ ಮಾಡಿ ತಿರುಗಿದ ಹಾಗೆ. ಹೋಗ್ಲಿ ಅಂದರೆ, ಯಾವ ರಾಡಿಗೆ ಅಂತ ಹಾಕಿಸಿದ್ದೋ ಅಲ್ಲೂ ಹಿಂದಿನ ಚಕ್ರ ನಿಂತಲ್ಲೇ ತಿರುಗ್ತದೆ. ಟೈರ್ ಆರಿಸಿದ್ದೇ ತಪ್ಪಾಯ್ತಾ? ಟಾರಿಗೂ ರಾಡಿಗೂ ಆಗುವಂಥದ್ದು ಯಾವುದು, ಒಂದು ಹೆಸರು ಹೇಳಿ. ತಲೆ ಕೆಟ್ಟು ಹೋಗಿದೆ.

ಕಾಳಿ ದಂಡೆ (ಕಾರವಾರ)
ಟೈರಿನ ದೋಷ ಅಲ್ಲ ಮಾರಾಯ್ರೆ, ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್. ಇಂಜಿನ್ ಕೆಳಗಿನ ತಗಡಿಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರ ನೆಲ ಬಿಡುವಷ್ಟು ಎತ್ತಿ. ಫೋರ್ಕಿನ ತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಟಕ್ ಅಂದರೆ ಸಡಿಲ. ಹ್ಯಾಂಡಲ್ ನಿಧಾನ ತಿರುಗಿಸುವಾಗ ನಟ್ಟನಡುವೆ ಗುಳಿಗೆ ಬಿದ್ದ ಹಾಗೆ ನಿಂತರೆ ಬೇರಿಂಗ್ ಬಟ್ಟಲಿನಲ್ಲಿ ಗುಂಡಿನ ಅಚ್ಚು ಬಿದ್ದಿದೆ, ಬದಲಾಯಿಸಬೇಕು.

ಹಳೇ ಲಿವರ್ (ಯಲ್ಲಾಪುರ)
ಹೋದ ವಾರದವರೆಗೆ ನಡುಗದ ಗಾಡಿ ಟೈರ್ ಹಾಕಿದ ಮೇಲೆ ನಡುಗಿದರೆ ಮೊದಲು ಟೈರ್ ನೋಡಬೇಕು. ಸೋಂದಾ ದಾರಿಯವರೇ, ಬೇಕಾದ ಒಂದು ವಿಷಯವನ್ನೂ ನೀವು ಬರೆಯಲಿಲ್ಲ. ಗಾಳಿ ಎಷ್ಟು? ಟೈರ್ ಅಳತೆ ಮೊದಲಿನದ್ದೇ, ಬೇರೆಯೇ? ಪಕ್ಕದ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇದೆಯಾ? ಒಬ್ಬರೇ ಹೋಗ್ತೀರಾ, ಹಿಂದೆ ಮೂಟೆ ಇರ್ತದಾ? ನಿಮ್ಮ ರಾಡಿ ಯಾವ ನಮೂನೆಯದ್ದು, ಕೆಂಪು ಅಂಟುಮಣ್ಣೋ, ತೋಟದ ಕಪ್ಪು ಕೆಸರೋ?

ಸೋಂದಾ ದಾರಿ
ಗಾಳಿ ಸರಿ ಇದೆ, ಬಂಕಿನಲ್ಲೇ ಹಾಕಿಸಿದ್ದು. ಅಳತೆ ಮೊದಲಿನದ್ದೇ, ಮುಂದೆ 90/90-21, ಹಿಂದೆ 120/80-18. ಬಾಣ ಸರಿ ಇದೆ. ಒಬ್ಬನೇ. ರಾಡಿ ಅಂದರೆ ರಾಡಿ, ನಮ್ಮ ಕಡೆಯದ್ದು ಗೊತ್ತಲ್ಲ.

ಹಳೇ ಲಿವರ್
"ಸರಿ ಇದೆ" ಅಂಕಿ ಅಲ್ಲ. ಗಾಡಿ ತಣ್ಣಗಿರುವಾಗ, ಬೆಳಗ್ಗೆ ಹೊರಡುವ ಮೊದಲು, ಪೆನ್ನಿನ ಹಾಗಿರುವ ಗೇಜಿನಲ್ಲಿ ನೋಡಿ ಹೇಳಿ.

ಮಿರ್ಜಾನ್ ಕೋಟೆ (ಕುಮಟಾ)
ಹಿಂದೆ 140 ಹಾಕಿಸಿ. 120 ನಮ್ಮ ಕೆಸರಿಗೆ ಸಾಲುವುದಿಲ್ಲ. ಅಗಲ ಇದ್ದಷ್ಟು ಹಿಡಿತ.

ಹಳೇ ಲಿವರ್
ಮರಳಿಗೆ ಆ ಮಾತು ಸರಿ, ಅಲ್ಲಿ ತೇಲಬೇಕು. ನಮ್ಮ ರಾಡಿ ಮೇಲೆ ನಾಲ್ಕು ಬೆರಳು ಲೊಳಲೊಳ, ಕೆಳಗೆ ಚಿರೇಕಲ್ಲಿನ ಗಟ್ಟಿ. ತೆಳು ಟೈರ್ ಮೇಲಿನದ್ದನ್ನು ಸೀಳಿ ಗಟ್ಟಿ ಮುಟ್ತದೆ, ಅಗಲದ್ದು ಮೇಲೇ ಜಾರ್ತದೆ. 120ಕ್ಕೆ ಮಾಡಿದ ರಿಮ್ಮಿಗೆ 140 ಹಾಕಿದರೆ ಟೈರ್ ಹಿಂಡಿ ನಡು ಉಬ್ತದೆ, ಅಂಚಿನ ಬಟನ್ ನೆಲ ಮುಟ್ಟುವುದೇ ಇಲ್ಲ. ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮಿಗೂ ಟೈರಿಗೂ ನಡುವೆ ಜಾಗ ಉಳಿಯದೆ ಅಂಟುಮಣ್ಣು ತುಂಬಿ ಚಕ್ರವೇ ನಿಲ್ತದೆ. ದಯವಿಟ್ಟು ಈ ಸಲಹೆ ಕೊಡಬೇಡಿ.

ಮಿರ್ಜಾನ್ ಕೋಟೆ
ಹಿಮಾಲಯನ್ 450ಕ್ಕೆ ಕಂಪನಿಯೇ 140 ಕೊಟ್ಟಿದೆಯಲ್ಲ?

ಹಳೇ ಲಿವರ್
ಅದರ ರಿಮ್ ಅದಕ್ಕೆ ಮಾಡಿದ್ದು. ಗಾಡಿಯ ಭಾರ ಬೇರೆ, ಇಂಜಿನ್ ಬೇರೆ.

ಕಾಳಿ ದಂಡೆ
ಕೋನ್ ಸೆಟ್ ನೋಡಿದಿರಾ?

ಸೋಂದಾ ದಾರಿ
ನೋಡಿದೆ ಅಣ್ಣ. ಟಕ್ ಅನ್ನುವುದಿಲ್ಲ, ನಡುವೆ ನಿಲ್ಲುವುದೂ ಇಲ್ಲ. ಗೇಜು ತಂದು ನೋಡಿದೆ, ಮುಂದೆ 36 ಪಿಎಸ್‌ಐ, ಹಿಂದೆ 36. ಬಂಕಿನ ಹುಡುಗ ಎರಡಕ್ಕೂ ಒಂದೇ ಹಾಕಿದ್ದಾನೆ.

ಕಾಳಿ ದಂಡೆ
ಟಕ್ ಅನ್ನದಿದ್ದರೂ ಗ್ರೀಸ್ ಒಣಗಿ ಬಿಗಿ ಆಗಿರಬಹುದು. ಬಿಗಿಯಾದರೂ ಗಾಡಿ ಓಲಾಡ್ತದೆ. ಬಿಚ್ಚಿ ನೋಡಿಸಿ.

ಅಘನಾಶಿನಿ 411 (ಸಿದ್ದಾಪುರ)
36 ಹಾಕಿಕೊಂಡು ರಾಡಿ ಹತ್ತುವುದು ಅಂದರೆ ಬಂಡೆಕಲ್ಲು ಉರುಳಿಸಿದ ಹಾಗೆ. ಒಬ್ಬರೇ ಇದ್ದರೆ ಟಾರಿಗೆ ಮುಂದೆ 25, ಹಿಂದೆ 28 ಸಾಕು. ಹಿಂದೆ ಜನ ಕೂತರೆ ಹಿಂದಿನದ್ದಕ್ಕೆ ನಾಲ್ಕು ಹೆಚ್ಚು. ತೋಟದ ದಾರಿಗೆ ಇಳಿಯುವ ಮೊದಲು ಮುಂದೆ 18, ಹಿಂದೆ 20. ನನ್ನ ಹಿಮಾಲಯನ್ 411ರಲ್ಲಿ ಹಿಂದೆ 120/90-17 ದಪ್ಪ ಟ್ಯೂಬ್, ರಿಮ್ ಲಾಕ್ (ಟೈರ್ ರಿಮ್ಮಿನಲ್ಲಿ ಜಾರದ ಹಾಗೆ ಒತ್ತಿ ಹಿಡಿಯುವುದು) ಎರಡು, ಮುಂದೆ ಮಡ್‌ಗಾರ್ಡ್ ಎತ್ತರಿಸಿದ್ದು, ಹ್ಯಾಂಡಲ್ ರೈಸರ್, ಅಲ್ಯೂಮಿನಿಯಂ ಕಾಲುಪಟ್ಟಿ. ಉಂಚಳ್ಳಿ ಕಡೆಯ ಕಚ್ಚಾ ದಾರಿಯಲ್ಲಿ ಎಲ್ಲೂ ನಿಲ್ಲುವುದಿಲ್ಲ.

ಮಿರ್ಜಾನ್ ಕೋಟೆ
ರೈಸರ್ ಎಷ್ಟು ಎತ್ತರದ್ದು? ಕ್ಲಚ್ ಕೇಬಲ್ ಸಾಕಾಗ್ತದಾ?

ಹಳೇ ಲಿವರ್
ರೈಸರ್ ಮಾತು ಬೇರೆ ಕಡೆ ಮಾಡಿ. ಸೋಂದಾ ದಾರಿಯವರೇ, ಗಾಳಿ ಹೆಚ್ಚಾದದ್ದು ರಾಡಿಯಲ್ಲಿ ಹತ್ತದಿರುವುದಕ್ಕೆ ಕಾರಣ. ಹ್ಯಾಂಡಲ್ ನಡುಗುವುದಕ್ಕೆ ಅದಷ್ಟೇ ಸಾಲುವುದಿಲ್ಲ. ಮುಂದಿನ ಚಕ್ರ ತೊಳೆದು ಒರೆಸಿ. ಟೈರಿನ ಪಕ್ಕದಲ್ಲಿ, ರಿಮ್ಮಿನ ಅಂಚಿನಿಂದ ಸ್ವಲ್ಪ ಮೇಲೆ, ಕೂದಲೆಳೆಯಷ್ಟು ತೆಳು ರಬ್ಬರ್ ಗೆರೆ ಸುತ್ತಲೂ ಹೋಗ್ತದೆ. ಆ ಗೆರೆಗೂ ರಿಮ್ಮಿಗೂ ನಡುವಿನ ಅಂತರ ಎಲ್ಲ ಕಡೆ ಒಂದೇ ಇರಬೇಕು, ಎಡಕ್ಕೂ ಬಲಕ್ಕೂ. ಚಕ್ರ ಎತ್ತಿ ನಿಧಾನ ತಿರುಗಿಸುತ್ತಾ ನೋಡಿ.

ಸೋಂದಾ ದಾರಿ
ನೋಡಿದೆ. ಎಡಗಡೆ ವಾಲ್ವ್ ಹತ್ತಿರ ಸುಮಾರು ಒಂದು ಗೇಣು ಉದ್ದಕ್ಕೆ ಗೆರೆ ಕಾಣುವುದೇ ಇಲ್ಲ, ರಿಮ್ಮಿನೊಳಗೆ ಹೋಗಿದೆ. ಎದುರು ಬದಿಯಲ್ಲಿ ಗೆರೆ ರಿಮ್ಮಿಗಿಂತ ಮೂರು ನಾಲ್ಕು ಮಿಲಿಮೀಟರ್ ಮೇಲೆ. ಬಲಗಡೆ ಎಲ್ಲ ಸಮ.

ಹಳೇ ಲಿವರ್
ಸಿಕ್ಕಿತು. ಬೀಡ್, ಅಂದರೆ ರಿಮ್ಮಿಗೆ ಕೂರುವ ಟೈರಿನ ಅಂಚು, ಸರಿಯಾಗಿ ಕೂತಿಲ್ಲ. ಟೈರ್ ಒಂದು ಕಡೆ ತಗ್ಗು, ಎದುರು ಎತ್ತರ, ಅಂದರೆ ಚಕ್ರ ಮೊಟ್ಟೆಯ ಹಾಗೆ ಉರುಳ್ತಾ ಇದೆ. ಬಟನ್ ಟೈರಿನ ಪಕ್ಕ ಗಟ್ಟಿ. ಸಾಬೂನು ಇಲ್ಲದೆ ಒಣಒಣ ಹಾಕಿದರೆ ರಬ್ಬರ್ ರಿಮ್ಮಿಗೆ ಕಚ್ಚಿಕೊಳ್ತದೆ, 36 ಹಾಕಿದರೂ ಏಳುವುದಿಲ್ಲ. ವಾಲ್ವ್ ಹತ್ತಿರವೇ ಆಗುವುದಕ್ಕೂ ಕಾರಣ ಇದೆ: ವಾಲ್ವ್ ಬುಡದ ದಪ್ಪ ರಬ್ಬರ್ ಬೀಡಿನ ಕೆಳಗೆ ಸಿಕ್ಕಿಕೊಳ್ತದೆ.

ಹೀಗೆ ಮಾಡಿ. ಚಕ್ರ ಬಿಚ್ಚಿ ನೆಲಕ್ಕೆ ಮಲಗಿಸಿ, ಡಿಸ್ಕ್ ಬದಿ ಮೇಲಿರಲಿ. ವಾಲ್ವ್ ಕೋರ್ (ವಾಲ್ವಿನ ಒಳಗಿನ ಪಿನ್ನು) ತೆಗೆದು ಗಾಳಿ ಪೂರ್ತಿ ಬಿಡಿ. ಎರಡೂ ಬದಿ ಬೀಡನ್ನು ಹಿಮ್ಮಡಿಯಿಂದ ಒತ್ತಿ ರಿಮ್ಮಿನ ಗುಳಿಗೆ ಇಳಿಸಿ. ವಾಲ್ವನ್ನು ಬೆರಳಿನಿಂದ ಒಳಗೆ ತಳ್ಳಿ ಬಿಡಿ, ಅದು ಸಲೀಸಾಗಿ ಮೇಲೆ ಕೆಳಗೆ ಆಡಬೇಕು. ಪಾತ್ರೆ ತೊಳೆಯುವ ಸಾಬೂನಿನ ದಪ್ಪ ನೊರೆಯನ್ನು ಬ್ರಷ್ಷಿನಲ್ಲಿ ಬೀಡಿನ ಸುತ್ತ ಎರಡೂ ಕಡೆ ಹಚ್ಚಿ. ಗ್ರೀಸ್, ಎಣ್ಣೆ ಬೇಡ, ಆಮೇಲೆ ಟೈರ್ ರಿಮ್ಮಿನಲ್ಲಿ ಜಾರ್ತದೆ. ಕೋರ್ ಹಾಕದೆಯೇ ಒಮ್ಮೆ ಗಾಳಿ ತುಂಬಿ ಬಿಟ್ಟುಬಿಡಿ, ಟ್ಯೂಬಿನ ಮಡಿಕೆ ಬಿಚ್ಚಿಕೊಳ್ತದೆ. ಮತ್ತೆ ಕೋರ್ ಹಾಕಿ 40ರವರೆಗೆ ಏರಿಸಿ. ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಒತ್ತಡ ಅದಕ್ಕಿಂತ ಕಡಿಮೆ ಇದ್ದರೆ ಅಲ್ಲಿಗೇ ನಿಲ್ಲಿಸಿ. "ಠಪ್" ಅಂತ ಶಬ್ದ ಎರಡು ಸಲ ಬರ್ತದೆ. ಬಾರದಿದ್ದರೆ ಒತ್ತಡ ಏರಿಸುತ್ತಾ ಹೋಗಬೇಡಿ, ಬಿಟ್ಟು ಮತ್ತೆ ಸಾಬೂನು ಹಚ್ಚಿ. ಗೆರೆ ಸಮ ಆದ ಮೇಲೆ 25ಕ್ಕೆ ಇಳಿಸಿ.

ಟೈರಿನ ಮೇಲೆ ಹಳದಿ ಚುಕ್ಕಿ ಇದ್ದರೆ ಅದು ಟೈರಿನ ಹಗುರ ಜಾಗ, ವಾಲ್ವಿನ ಪಕ್ಕದಲ್ಲೇ ಬರಲಿ.

ಸೋಂದಾ ದಾರಿ
ಮಾಡಿದೆ. ಮೂರನೇ ಸಲಕ್ಕೆ ಠಪ್ ಅಂತು. ಗೆರೆ ಸುತ್ತಲೂ ಸಮ. ಹೆದ್ದಾರಿ 766ಇ ಮೇಲೆ 70ರವರೆಗೆ ಹೋದೆ, ನಡುಕ ಪೂರ್ತಿ ಹೋಯ್ತು! ಗುಂಯ್ ಅನ್ನುವ ಶಬ್ದ ಮಾತ್ರ ಇದೆ. ನಿಮಗೆ ಕೈ ಮುಗಿದೆ.

ಹಳೇ ಲಿವರ್
ಗುಂಯ್ ಶಬ್ದ ಬಟನ್ನಿನದ್ದು, ಅದು ಇರುವುದೇ. ಹೊಸ ಟೈರಿನ ಮೇಲೆ ಅಚ್ಚಿನ ನುಣುಪು ಇರ್ತದೆ, ಮೊದಲ 150 ಕಿ.ಮೀ. ಒದ್ದೆ ಟಾರಿನಲ್ಲಿ ವಾಲಿಸಿ ತಿರುಗಿಸಬೇಡಿ.

ಸೋಂದಾ ದಾರಿ
ಇನ್ನೊಂದು. ರಾಡಿಗೆ ಗಾಳಿ ಇಳಿಸಿದ್ದು ಭಾರೀ ಉಪಯೋಗ ಆಯ್ತು, ತೋಟದ ಏರು ಹತ್ತಿತು. ಆದರೆ ಎರಡು ದಿನ ಓಡಿಸಿದ ಮೇಲೆ ಹಿಂದಿನ ಚಕ್ರದ ವಾಲ್ವ್ ವಾಲಿ ನಿಂತಿದೆ. ಬುಡದ ನಟ್ ಬಿಗಿ ಇದೆ, ಆದರೂ.

ಅಘನಾಶಿನಿ 411
ಎಷ್ಟಕ್ಕೆ ಇಳಿಸಿದಿರಿ?

ಸೋಂದಾ ದಾರಿ
ಗೇಜು ಮನೆಯಲ್ಲೇ ಬಿಟ್ಟಿದ್ದೆ. ಬೆರಳಿನಲ್ಲಿ ಒತ್ತಿ ನೋಡಿ ಬಿಟ್ಟದ್ದು. ಈಗ ನೋಡಿದರೆ 11.

ಅಘನಾಶಿನಿ 411
ಅದೇ. ಆಕ್ಸಿಲರೇಟರ್ ಕೊಟ್ಟಾಗ ರಿಮ್ ತಿರುಗ್ತದೆ, ಟೈರ್ ಕೆಸರಿನಲ್ಲಿ ಸಿಕ್ಕಿ ಹಿಂದೆ ಉಳೀತದೆ. ಟ್ಯೂಬ್ ಟೈರಿನ ಜೊತೆ ಹೋಗ್ತದೆ, ವಾಲ್ವ್ ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿ ವಾಲ್ತದೆ. ಇನ್ನೆರಡು ದಿನ ಹೀಗೇ ಓಡಿಸಿದರೆ ಬುಡದಲ್ಲಿ ಹರೀತದೆ, ಆ ಹರುಕಿಗೆ ಪ್ಯಾಚ್ ಕೂರುವುದಿಲ್ಲ. ರಿಮ್ ಲಾಕ್ ಇಲ್ಲದೆ 16ಕ್ಕಿಂತ ಕೆಳಗೆ ಇಳಿಯಲೇಬಾರದು. ಬುಡದ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲೆತ್ತಿ ವಾಲ್ವ್ ಟೋಪಿಗೆ ಒತ್ತಿ ಇಡಿ. ಬಿಗಿದಿದ್ದರೆ ವಾಲ್ವ್ ವಾಲಲು ಜಾಗ ಇಲ್ಲದೆ ನೇರ ಹರೀತದೆ. ಬಿಟ್ಟಿದ್ದರೆ ಕಣ್ಣಿಗೆ ಕಾಣ್ತದೆ, ಸರಿ ಮಾಡಲಿಕ್ಕೆ ಸಮಯ ಸಿಗ್ತದೆ. ಈಗ ಗಾಳಿ ಬಿಟ್ಟು ಬೀಡ್ ಸಡಿಲಿಸಿ ಟೈರನ್ನೇ ತಿರುಗಿಸಿ ವಾಲ್ವ್ ನೆಟ್ಟಗೆ ಮಾಡಿ.

ಚಿರೇಕಲ್ಲಿನ ಮೆಟ್ಟಿಲು ಇರುವ ದಾರಿಯಾದರೆ 20ಕ್ಕಿಂತ ಇಳಿಸಬೇಡಿ. ಅಂಚಿಗೆ ಬಡಿದಾಗ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬೀಳ್ತದೆ, ಹಾವು ಕಚ್ಚಿದ ಹಾಗೆ.

ಕಾಳಿ ದಂಡೆ
ಟಾರಿಗೆ ವಾಪಸ್ ಬಂದ ಕೂಡಲೇ ಗಾಳಿ ತುಂಬಬೇಕು, ಅದನ್ನು ಯಾರೂ ಹೇಳಲಿಲ್ಲ. 18ರಲ್ಲಿ ಹೆದ್ದಾರಿ 66ರ ಮೇಲೆ 80ಕ್ಕೆ ಹೋದರೆ ಟೈರ್ ಬಿಸಿಯಾಗಿ ಟ್ಯೂಬ್ ಉಳಿಯುವುದಿಲ್ಲ. ಸೈಕಲ್ ಪಂಪ್ ಸಾಕು, ಕೈ ನೋಯ್ತದೆ ಅಷ್ಟೆ.

ಸೋಂದಾ ದಾರಿ
ಸರಿ ಅಣ್ಣ. ಹಾಗಾದರೆ ಟೈರ್ ಬದಲಾಯಿಸುವುದು ಬೇಡವಾ?

ಹಳೇ ಲಿವರ್
ಬೇಡ. ಮುಂದಿನ ಸಲ ಆರಿಸುವಾಗ ಹೆಸರಿಗಿಂತ ಬಟನ್ನಿನ ನಡುವಿನ ಜಾಗ ನೋಡಿ. ಕೆಂಪು ಅಂಟುಮಣ್ಣು ಹತ್ತಿರದ ಬಟನ್ ನಡುವೆ ತುಂಬಿಕೊಂಡು ಟೈರನ್ನು ನುಣ್ಣಗೆ ಮಾಡ್ತದೆ, ಜಾಗ ಅಗಲ ಇದ್ದರೆ ಚಕ್ರ ತಿರುಗುವಾಗ ಉದುರ್ತದೆ. ಅದೂ ಚಕ್ರಕ್ಕೆ ಸ್ವಲ್ಪ ವೇಗ ಇದ್ದರೆ ಮಾತ್ರ. ಮೊದಲನೇ ಗೇರಿನಲ್ಲಿ ಗೀರ್ ಅನ್ನಿಸಬೇಡಿ, ಎರಡನೇ ಗೇರಿನಲ್ಲಿ ಒಂದೇ ಸಮ ಎಳೆಯಿರಿ. ಹಿಂದಿನ ಬಟನ್ 5 ಮಿ.ಮೀ.ಗಿಂತ ತೆಳುವಾದರೆ ಟಾರಿನಲ್ಲಿ ಇನ್ನೂ ಓಡ್ತದೆ, ರಾಡಿಯಲ್ಲಿ ಮುಗೀತು. ಹಾವಸೆ ಹಿಡಿದ ಚಿರೇಕಲ್ಲಿನ ಮೇಲೆ ಮಾತ್ರ ಯಾವ ಬಟನ್ನೂ ನಿಲ್ಲುವುದಿಲ್ಲ, ಅಲ್ಲಿ ಗಟ್ಟಿ ರಬ್ಬರ್ ಇನ್ನೂ ಜಾರ್ತದೆ.

ಕೊಳ್ಳುವಾಗ ಪಕ್ಕದ ನಾಲ್ಕಂಕಿ ಓದಿ. 2324 ಅಂದರೆ 2024ನೇ ವರ್ಷದ 23ನೇ ವಾರ ತಯಾರಾದದ್ದು. ಭಾರದ ಅಂಕಿ 62 ಅಂದರೆ 265 ಕಿಲೋ, ವೇಗದ ಅಕ್ಷರ ಕ್ಯೂ ಅಂದರೆ ಗಂಟೆಗೆ 160 ಕಿ.ಮೀ.

ಮಿರ್ಜಾನ್ ಕೋಟೆ
ಮುಂದೆ ಕಂಪನಿ ಟೈರ್, ಹಿಂದೆ ಮಾತ್ರ ಬಟನ್ ಹಾಕಿದರೆ ದುಡ್ಡು ಉಳೀತದಲ್ಲ.

ಅಘನಾಶಿನಿ 411
ತಲೆಕೆಳಗು. ಹಿಂದಿನದ್ದು ಜಾರಿದರೆ ಕಾಲು ಕೊಟ್ಟು ಉಳಿಸಬಹುದು, ಮುಂದಿನದ್ದು ಜಾರಿದರೆ ನೆಲವೇ. ಹರಿತ ಬಟನ್ನಿನದ್ದು ಮುಂದೆ ಇರಲಿ. ಹಿಂದಿನದ್ದು ಹೇಗೂ ಬೇಗ ಸವೀತದೆ.

ಮಿರ್ಜಾನ್ ಕೋಟೆ
ಏರು ಹತ್ತಿಸುವುದು ಹಿಂದಿನ ಚಕ್ರ.

ಕಾಳಿ ದಂಡೆ
ಇಳಿಸುವುದು ಮುಂದಿನದ್ದು. ಮಳೆಗಾಲದಲ್ಲಿ ಅಣಶಿ ಘಟ್ಟ ಇಳಿದವರಿಗೆ ಕೇಳಿ.

ಸೋಂದಾ ದಾರಿ
ಕಡೆಯ ಪ್ರಶ್ನೆ. ಜೊತೆಗೆ ಎರಡೂ ಅಳತೆಯ ಟ್ಯೂಬ್ ಇಟ್ಟುಕೊಳ್ಳಬೇಕಾ? ಬ್ಯಾಗಿನಲ್ಲಿ ಜಾಗ ಇಲ್ಲ.

ಹಳೇ ಲಿವರ್
ಮುಂದಿನ 21 ಇಂಚಿನದ್ದು ಒಂದೇ ಸಾಕು. ಹಿಂದಿನ 18ಕ್ಕೂ ಅದನ್ನೇ ಮಡಿಕೆ ಬಾರದ ಹಾಗೆ ಹಂಚಿ ತುರುಕಿದರೆ ಮನೆ ತಲುಪುವವರೆಗೆ ನಡೀತದೆ, ಮರುದಿನ ಸರಿ ಅಳತೆಯದ್ದು ಹಾಕಿ. 18ರದ್ದನ್ನು 21ಕ್ಕೆ ಎಳೆದು ಹಾಕಬೇಡಿ, ತೆಳುವಾಗಿ ಒಡೀತದೆ. ಟ್ಯೂಬಿಗೆ ಪೌಡರ್ ಸವರಿ, ಹಳೇ ಕಾಲುಚೀಲದೊಳಗೆ ಹಾಕಿ ಸೀಟಿನ ಹಿಂದೆ ಕಟ್ಟಿ. ಸಾಮಾನಿನ ಜೊತೆ ಬಿಡಿಯಾಗಿ ಹಾಕಿದರೆ ಲಿವರಿನ ಮೂಲೆ ಉಜ್ಜಿ ಉಜ್ಜಿ ಹಾಕುವ ಮೊದಲೇ ತೂತಾಗಿರ್ತದೆ.