ಸಹಾಯ ಬೇಕು: ಗೋಡೆ ಮೇಲಿನ ಗೆರೆ ತೇವದ್ದೋ, ನೆರೆ ನೀರಿಂದೋ?

ಬೆಂಗಳೂರಿನ ಹೊರಮಾವಿನಲ್ಲಿ ಗ್ರೌಂಡ್ ಫ್ಲೋರ್ ಬಾಡಿಗೆ ಮನೆ ನೋಡಿದ್ದೀವಿ. ರಾತ್ರಿ 10ಕ್ಕೂ ಬೆಳಗ್ಗೆ 6ಕ್ಕೂ ಹೋಗಿ ನೋಡಾಯ್ತು: ಬೀದಿದೀಪ ಉರಿಯುತ್ತೆ, ಬಸ್‌ಸ್ಟಾಪಿನಿಂದ ಮನೆವರೆಗೂ ಜನರ ಓಡಾಟ ಇರುತ್ತೆ. ಆ ಚಿಂತೆ ಇಲ್ಲ. ಭಯ ನೀರಿನದು. 2025ರ ಮೇ ತಿಂಗಳಲ್ಲಿ ಹತ್ತಿರದ ಸಾಯಿ ಲೇಔಟ್ ಮುಳುಗಿತ್ತು, ಈ ಮನೆ ಹಿಂದೆಯೂ ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ) ಇದೆ.

ಹೊಸ ಪೇಂಟ್ ಹೊಡೆದಿದ್ದಾರೆ. ಆದರೂ ಮೀಟರ್ ಬೋರ್ಡ್ ಹಿಂದೆ, ಗೇಟಿನ ಕಂಬದಲ್ಲಿ, ಎದುರು ಮನೆ ಕಾಂಪೌಂಡಿನಲ್ಲೂ ಎರಡಡಿ ಎತ್ತರಕ್ಕೆ ಒಂದೇ ಮಟ್ಟದ ಕಂದು ಗೆರೆ ಕಾಣುತ್ತೆ. ಓನರ್ ಬರೀ ತೇವ ಅಂತಾರೆ. ತೇವ ಆದ್ರೆ ಗೆರೆ ಏರುಪೇರಾಗಿ, ಬಿಳಿ ಉಪ್ಪು ಬಿಟ್ಟಿರಬೇಕಲ್ವಾ? ನೆಲದಡಿಯ ನೀರಿನ ಟ್ಯಾಂಕ್ ಇದೆಯಲ್ಲ, ಆ ಸಂಪಿನ ಬಾಯಿಗೆ ಒಂದಡಿ ಕಟ್ಟೆ ಬೇರೆ ಹೊಸದಾಗಿ ಕಟ್ಟಿಸಿದ್ದಾರೆ. ಅಕ್ಕಪಕ್ಕದವರು ಬಾಯಿ ಬಿಡ್ತಿಲ್ಲ.

ಇದೇ ಕಟ್ಟಡದ ಮೊದಲ ಮಹಡಿಯೂ ಖಾಲಿ ಇದೆ. ಅದನ್ನ ತಗೊಳ್ಳೋದಾದ್ರೆ, ಸಂಪಿನೊಳಗೆ ಚರಂಡಿ ನೀರು ನುಗ್ಗದಂತೆ ಒಂದಡಿ ಕಟ್ಟೆ ಸಾಕಾಗುತ್ತಾ, ಇಲ್ಲ ಮನೆಯನ್ನೇ ಬಿಟ್ಟುಬಿಡೋದಾ? ಗೊತ್ತಿರೋರು ದಯವಿಟ್ಟು ಹೇಳಿ.