ಚೌತಿ ಕೇರಂ: ರೆಡ್‌ಗೆ 5 ಬೇಡ, 3 ಸಾಕು

(ಕಾಸರಗೋಡಿನ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು. ರವಿ ಹಾಕಿದ ನೋಟೀಸಿನ ಫೋಟೋ: ‘ಚೌತಿ ಪ್ರಯುಕ್ತ ಕೇರಂ ಡಬಲ್ಸ್ ಚಾಂಪಿಯನ್‌ಶಿಪ್. 16 ತಂಡ, 4 ಬೋರ್ಡ್. 29 ಪಾಯಿಂಟ್, ರೆಡ್‌ಗೆ 5. ಎಲ್ಲಾ ಪಂದ್ಯ ಮೂರರಲ್ಲಿ ಎರಡು ಗೇಮ್. ಮಹಿಳೆಯರಿಗೆ ಒಂದು ಬೋರ್ಡಿನ ಆಟ.’)

ಅಶ್ರಫ್: ರವೀ, ಇದನ್ನು ಪ್ರಿಂಟಿಗೆ ಕೊಡ್ಬೇಡ. ಅಂತಾರಾಷ್ಟ್ರೀಯ ಫೆಡರೇಶನ್ ನಿಯಮದಲ್ಲಿ ಗೇಮ್ ಅಂದ್ರೆ 25 ಪಾಯಿಂಟ್ ಅಥವಾ 8 ಬೋರ್ಡ್ (ಒಬ್ಬರ ಕಾಯಿನ್ ಪೂರ್ತಿ ಮುಗಿಯುವ ಒಂದು ಆಟಕ್ಕೂ ಬೋರ್ಡ್ ಅಂತಲೇ ಹೆಸರು), ಯಾವುದು ಮೊದಲು ಮುಗೀತೋ ಅದು. ರೆಡ್‌ಗೆ, ಅಂದ್ರೆ ಕೆಂಪು ಕಾಯಿನ್ನಿಗೆ, 3.

ರವಿ: ನಮ್ಮ ಕಡೆ ಜಗಲಿಯಲ್ಲಿ ಆಡುದು ಎಲ್ಲಾ 29ರದ್ದೇ ಮಾರಾಯ. ಬದಿಯಡ್ಕ, ಮುಳ್ಳೇರಿಯದಿಂದ ಬರುವವರಿಗೆ ಅದೇ ಅಭ್ಯಾಸ.

ಅಶ್ರಫ್: ಜಗಲಿಗೆ ಅದು ಚಂದ. ಚಾಂಪಿಯನ್‌ಶಿಪ್ ಅಂತ ಹಾಕಿದ ಮೇಲೆ ಆಗುದಿಲ್ಲ. ಎದುರಿನವರದ್ದು 2 ಕಾಯಿನ್ ಉಳಿಸಿ ಗೆದ್ದವನಿಗೆ 2 ಪಾಯಿಂಟ್, ರೆಡ್ ಸೇರಿದ್ರೆ ಒಂದೇ ಸಲಕ್ಕೆ 7. ಕಷ್ಟಪಟ್ಟು ಕಾಯಿನ್ ಉಳಿಸಿದ್ದಕ್ಕೆ ಬೆಲೆಯೇ ಇಲ್ಲ. 3 ಇಟ್ರೆ 5 ಆಗ್ತದೆ, ಅಷ್ಟು ಸಾಕು.

ಶಾಲಿನಿ: 21, 22ರ ಲೆಕ್ಕವೂ ನೋಟೀಸಲ್ಲಿ ಇಲ್ಲ. ಜಗಳ ಶುರುವಾಗುದೇ ಅಲ್ಲಿಂದ. 21ರವರೆಗೆ ರೆಡ್ಡಿನ 3 ಸಿಗ್ತದೆ, 22 ಆದ ಮೇಲೆ ಇಲ್ಲ. 21ರಲ್ಲಿದ್ದವ ಒಂದು ಕಾಯಿನ್ ಉಳಿಸಿ ರೆಡ್ ಸಮೇತ ಗೆದ್ರೆ 21+1+3, ಗೇಮ್ ಮುಗೀತು. 22ರಲ್ಲಿದ್ದವ ಅದೇ ಆಟ ಆಡಿದ್ರೆ 23ಕ್ಕೇ ನಿಲ್ತಾನೆ. ಗೊತ್ತಿಲ್ಲದವನಿಗೆ ಇದು ಮೋಸ ಅಂತಲೇ ಕಾಣುದು.

ರವಿ: ಸರಿ, 25 ಮತ್ತು 3. ರೆಡ್ಡೂ ಕಾಯಿನ್ನೂ ಒಂದೇ ಹೊಡೆತಕ್ಕೆ ಬಿದ್ರೆ ಎಂತ? ನಮ್ಮಲ್ಲಿ ಮತ್ತೊಂದು ಕವರ್, ಅಂದ್ರೆ ರೆಡ್ಡಿನ ಹಿಂದೆ ತನ್ನದೊಂದು ಕಾಯಿನ್ ಹಾಕ್ಬೇಕು ಅಂತ ಕೇಳ್ತಾರೆ.

ಅಶ್ರಫ್: ಕೇಳ್ಬಾರ್ದು. ಅವನದ್ದೇ ಕಾಯಿನ್ ಆದ್ರೆ ಕವರ್ ಆಯ್ತು. ಹೊಡೆಯುವ ಸ್ಟ್ರೈಕರ್ ಮಾತ್ರ ಬಿದ್ರೆ ಒಂದು ಡ್ಯೂ, ಅಂದ್ರೆ ದಂಡಕ್ಕೆ ತನ್ನ ಒಂದು ಕಾಯಿನ್ ವಾಪಸ್ ಬೋರ್ಡಿಗೆ; ಸರದಿ ಹೋಯ್ತು. ತನ್ನ ಕಾಯಿನ್ ಜೊತೆ ಸ್ಟ್ರೈಕರೂ ಬಿದ್ರೆ ಆ ಕಾಯಿನ್, ಮೇಲೆ ಒಂದು ಡ್ಯೂ, ಎರಡೂ ವಾಪಸ್ ಬೋರ್ಡಿಗೆ. ಸರದಿ ಅವನದ್ದೇ.

ಪಿ.ಟಿ. ಮಾಸ್ಟ್ರು: ನಿಯಮ ಆಮೇಲೆ ನೋಡುವ ಮಕ್ಕಳೇ. ಬೋರ್ಡ್ ಹೇಗುಂಟು? ಚೌತಿ ಅಂದ್ರೆ ಮಳೆ ಬಿಟ್ಟಿರುದಿಲ್ಲ. ಸ್ಟೋರ್ ರೂಮಲ್ಲಿ ಗೋಡೆಗೆ ಒರಗಿಸಿಟ್ಟ ಬೋರ್ಡಿನ ಪ್ಲೈವುಡ್ ಥಂಡಿ ಎಳ್ಕೊಂಡು ನಡುವಲ್ಲಿ ತಗ್ಗಾಗ್ತದೆ. ಮೂಲೆಯಿಂದ ಮೂಲೆಗೆ ನೂಲು ಎಳೆದು ಹಿಡೀರಿ, ನಡುವಲ್ಲಿ ಸಂದು ಕಂಡ್ರೆ ಆ ಬೋರ್ಡ್ ಬೇಡ.

ರವಿ: ಎರಡು ದಿವಸ ಬಿಸಿಲಿಗೆ ಇಟ್ರೆ ಆಗುದಿಲ್ವಾ ಮಾಸ್ಟ್ರೇ?

ಪಿ.ಟಿ. ಮಾಸ್ಟ್ರು: ಖಂಡಿತ ಬೇಡ. ಒಂದೇ ಬದಿ ಒಣಗಿ ಮತ್ತೂ ಬಾಗ್ತದೆ. ಒಂದು ವಾರ ಮೊದಲೇ ಸ್ಟ್ಯಾಂಡಿನ ಮೇಲೆ ಮಲಗಿಸಿ, ಮೇಲೆ ಬಲ್ಬ್ ಉರಿಸಿಡಿ. ಹಳೆ ಕಾಲದ 60ರಿಂದ 100 ವ್ಯಾಟಿನ ತಂತಿ ಬಲ್ಬೇ ಆಗ್ಬೇಕು. ಎಲ್‌ಇಡಿಯಲ್ಲಿ ಬೆಳಕುಂಟು, ಬಿಸಿ ಇಲ್ಲ. ಆಟ ನಡೀತಾ ಇರುವಾಗ ಬೋರ್ಡನ್ನು ಒಣಗಿಸಿ ಇಡುದು ಆ ಬಿಸಿಯೇ.

ಶಾಲಿನಿ: ಪೌಡರ್?

ಪಿ.ಟಿ. ಮಾಸ್ಟ್ರು: ಬೋರಿಕ್ ಪೌಡರ್. ಮಳೆಗಾಲದಲ್ಲಿ ಗಂಟು ಕಟ್ತದೆ, ಆ ಗಂಟಿಗೆ ಕಾಯಿನ್ ತಾಗಿ ದಾರಿ ತಪ್ತದೆ. ತೆಳು ಮಲ್‌ಮಲ್ ಬಟ್ಟೆಯಲ್ಲಿ ಕಟ್ಟಿ ತಟ್ಟಿ, ನಯವಾದ್ದು ಮಾತ್ರ ಬೀಳ್ಲಿ. ಜಾಸ್ತಿ ಆದ್ರೆ ಒಣ ಬಟ್ಟೆಯಲ್ಲಿ ಒರೆಸಿ, ಒದ್ದೆ ಬಟ್ಟೆ ಹತ್ತಿರ ತರ್ಬೇಡಿ. ಮತ್ತೆ 15 ಗ್ರಾಂ ಸ್ಟ್ರೈಕರನ್ನು ಬಲವಾಗಿ ಹೊಡೀರಿ. ಆಚೆ ಈಚೆ ಕನಿಷ್ಠ ಮೂರೂವರೆ ಸಲ ಓಡಿದ್ರೆ ಬೋರ್ಡ್ ಪಾಸು.

ಅಶ್ರಫ್: ಸ್ಟ್ರೈಕರ್ ಅವರವರದ್ದೇ ತರ್ಲಿ. ಆದ್ರೆ 15 ಗ್ರಾಂ ಮೀರ್ಬಾರ್ದು, ಅಡ್ಡಳತೆ 4.13 ಸೆಂಟಿಮೀಟರ್ ಒಳಗೇ. ಚಿನ್ನದ ಅಂಗಡಿಯ ತಕ್ಕಡಿಯಂಥದ್ದು ಒಂದು ಮೇಜಿನ ಮೇಲೆ ಇಟ್ರೆ ಮಾತೇ ಇಲ್ಲ.

ರವಿ: ಆಯ್ತು. ಪಂದ್ಯ ಮಾತ್ರ ಎಲ್ಲಾ ಮೂರರಲ್ಲಿ ಎರಡು ಗೇಮೇ ಇರ್ಲಿ.

ಅಶ್ರಫ್: ಹೊತ್ತು ಲೆಕ್ಕ ಹಾಕು. ಒಂದು ಗೇಮಿಗೆ ಒಂದು ಗಂಟೆ ಹಿಡಿ. ಮೊದಲ ಸುತ್ತು 8 ಪಂದ್ಯ, 4 ಬೋರ್ಡಲ್ಲಿ ಎರಡು ಪಾಳಿ, ಮೂರನೇ ಗೇಮಿಗೆ ಹೋದ್ರೆ ಅದೇ 6 ಗಂಟೆ. ಕ್ವಾರ್ಟರ್ 3, ಸೆಮಿ 3, ಫೈನಲ್ 3. ಒಟ್ಟು 15. ಬೆಳಗ್ಗೆ 9ಕ್ಕೆ ಶುರು ಮಾಡಿದ್ರೆ ಮುಗಿಯುವಾಗ ರಾತ್ರಿ 12. ಕ್ವಾರ್ಟರ್ ತನಕ ಒಂದೇ ಗೇಮ್ ಇಡು, 9 ಗಂಟೆಯಲ್ಲಿ ಮುಗೀತದೆ.

ಶಾಲಿನಿ: ಆ ಉಳಿದ ಹೊತ್ತು ನಮಗೆ ಕೊಡಿ. ಮಹಿಳೆಯರಿಗೆ ಒಂದು ಬೋರ್ಡು ಅಂದ್ರೆ ಎಂತ ಅರ್ಥ? ಬ್ರೇಕ್, ಅಂದ್ರೆ ಮೊದಲ ಹೊಡೆತ, ಸಿಕ್ಕಿದವರಿಗೆ ಮೊದಲೇ ಮೇಲುಗೈ, ಎದುರಿನವರಿಗೆ ಬ್ರೇಕ್ ಮಾಡ್ಲಿಕ್ಕೆ ಸರದಿಯೇ ಇಲ್ಲ. 2024ರಲ್ಲಿ ಅಮೆರಿಕದ ವಿಶ್ವಕಪ್ಪಿನಲ್ಲಿ ಚೆನ್ನೈಯ ಹುಡುಗಿ ಕಾಜಿಮಾ ಮೂರು ಚಿನ್ನ ಗೆದ್ದದ್ದು ಪೂರ್ತಿ ಆಟ ಆಡಿಯೇ. ನಮಗೂ 25 ಪಾಯಿಂಟಿನ ಗೇಮ್ ಬೇಕು.

ರವಿ: 16 ತಂಡವೇ ಹೆಚ್ಚಾಯ್ತು ಅಂತ ಹೆದರಿ ಹಾಗೆ ಬರೆದದ್ದು ಶಾಲಿನಿ.

ಶಾಲಿನಿ: ಸೆಮಿ ಹೊತ್ತಿಗೆ ಎರಡು ಬೋರ್ಡ್ ಖಾಲಿ, 3 ಗಂಟೆ. ಫೈನಲ್ ಹೊತ್ತಿಗೆ ಮೂರು ಖಾಲಿ, ಮತ್ತೆ 3 ಗಂಟೆ. ಮಹಿಳೆಯರದ್ದು 8 ತಂಡ ಆದ್ರೂ 7 ಗೇಮ್. ಧಾರಾಳ ಆಗ್ತದೆ.

ಪಿ.ಟಿ. ಮಾಸ್ಟ್ರು: ಅವಳು ಹೇಳುದು ಸರಿ ರವಿ, ಹಾಗೇ ಬರಿ. ಇನ್ನೊಂದು, ಸಭಾಂಗಣದ ಫ್ಯಾನ್ ಬೋರ್ಡಿನ ನೇರ ಮೇಲೆ ಬರ್ಬಾರ್ದು. ಪೌಡರೆಲ್ಲ ಒಂದು ಬದಿಗೆ ಹಾರಿ ಆ ಕಡೆ ಮಾತ್ರ ಜಾರ್ತದೆ.

ರವಿ: ನೋಟೀಸು ತಿದ್ದಿ ಇವತ್ತೇ ಹಾಕ್ತೇನೆ. ತಂತಿ ಬಲ್ಬ್ ನಮ್ಮಲ್ಲಿ ಮೂರೇ ಉಂಟು. ಇನ್ನೊಂದು ಯಾರ ಮನೆಯಲ್ಲುಂಟು?

ಅಶ್ರಫ್: ಕೋಳಿ ಮರಿಗೆ ಬಿಸಿ ಕೊಡುವವರಲ್ಲಿ ಕೇಳ್ತೇನೆ. ಹೋಲ್ಡರ್, ವೈರು ನೀನು ತಾ.