ಬಲೆಯಲ್ಲಿ ಸಿಕ್ಕ ಪಫರ್ ಮೀನನ್ನು ಮನೆಯ ತೊಟ್ಟಿಯಲ್ಲಿ ಸಾಕಬಹುದೇ?

ಪ್ರಶ್ನೆ, ಕಾರವಾರದಿಂದ:

ಸರ್, ನಮಸ್ಕಾರ. ಇವತ್ತು ಬೆಳಿಗ್ಗೆ ಏಂಡಿ ಬಲೆ ಎಳೆಯುವುದನ್ನು ನೋಡಲು ಮಗಳನ್ನು ಕರೆದುಕೊಂಡು ದಂಡೆಗೆ ಹೋಗಿದ್ದೆ. ಬೇಕಾದ ಮೀನು ಆರಿಸಿಕೊಂಡು ಉಳಿದದ್ದನ್ನು ಮರಳಿಗೆ ಎಸೆದಿದ್ದರು. ಅದರಲ್ಲೊಂದು ಚೆಂಡಿನ ಹಾಗೆ ಊದಿಕೊಂಡು ಬಿದ್ದಿತ್ತು. ಮಗಳು ಬಿಡಲೇ ಇಲ್ಲ. ಬಕೆಟ್ಟಿಗೆ ಸಮುದ್ರದ ನೀರು ತುಂಬಿಸಿ ಮನೆಗೆ ತಂದಿದ್ದೇವೆ. ಅಂಗೈಯಷ್ಟಿದೆ, ಬೂದು ಮೈ, ಬೆನ್ನ ಮೇಲೆಲ್ಲ ಬಿಳಿ ಚುಕ್ಕೆ, ಹೊಟ್ಟೆಯ ಮೇಲೆ ಬಿಳಿ ಗೆರೆ, ಪಕ್ಕದ ರೆಕ್ಕೆಯ ಬುಡದಲ್ಲಿ ಕಪ್ಪು ಮಚ್ಚೆ. ಈಗ ಊತ ಇಳಿದು ಈಜುತ್ತಿದೆ. ಮನೆಯಲ್ಲಿ ಎರಡೂವರೆ ಅಡಿಯ ಗಾಜಿನ ತೊಟ್ಟಿ ಖಾಲಿ ಇದೆ, ಮೊದಲು ಗೋಲ್ಡ್‌ಫಿಶ್ ಇತ್ತು. ಅದಕ್ಕೇ ಸಮುದ್ರದ ನೀರು ಹಾಕಿ ಬಿಡಬಹುದಾ? ತಿನ್ನಲು ಏನು ಕೊಡಬೇಕು? ವಿಷದ ಮೀನು ಅಂತ ಅಮ್ಮ ಹೆದರಿದ್ದಾರೆ.

ಉತ್ತರ:

ನಮಸ್ಕಾರ ಸರ್. ಉಪ್ಪುನೀರಿನ ತೊಟ್ಟಿ ಕೂರಿಸುವುದು, ನೋಡಿಕೊಳ್ಳುವುದೇ ನನ್ನ ಕೆಲಸ. ನೇರವಾಗಿ ಹೇಳುತ್ತೇನೆ: ಈ ಮೀನನ್ನು ಇವತ್ತೇ, ತಪ್ಪಿದರೆ ನಾಳೆ ಬೆಳಗಾಗುತ್ತಲೇ, ಸಿಕ್ಕ ಜಾಗದಲ್ಲೇ ಸಮುದ್ರಕ್ಕೆ ಬಿಟ್ಟುಬಿಡಿ.

ನೀವು ಹೇಳಿದ ಗುರುತು ನೋಡಿದರೆ ಇದು ಅರೋಥ್ರಾನ್ ಹಿಸ್ಪಿಡಸ್ ಎಂಬ ಜಾತಿಯ ಪಫರ್ ಮೀನು. ಮರಿಗಳು ಅಳಿವೆ, ದಂಡೆಯ ಹತ್ತಿರ ಇರುತ್ತವೆ, ಬೆಳೆದರೆ 50 ಸೆಂಟಿಮೀಟರಿನವರೆಗೂ ಹೋಗುತ್ತವೆ. ಈಗ ಅಂಗೈಯಷ್ಟಿರುವುದು ನಿಮ್ಮ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದವಾಗುವ ಮೀನು. ಅದಕ್ಕೆ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯಾದರೂ ಬೇಕು. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ ಹಿಡಿದರೆ ಸುಮಾರು 680 ಲೀಟರ್ ಆಯಿತು. ನೀರೇ 700 ಕಿಲೋ, ಗಾಜು, ಸ್ಟ್ಯಾಂಡು ಬೇರೆ. ನಿಮ್ಮ ಎರಡೂವರೆ ಅಡಿಯದರಲ್ಲಿ ಹಿಡಿಯುವುದು ಹೆಚ್ಚೆಂದರೆ ಎಂಬತ್ತು ತೊಂಬತ್ತು ಲೀಟರ್.

ಜಾಗಕ್ಕಿಂತ ಮೊದಲು ಅದನ್ನು ಕೊಲ್ಲುವುದು ನೀರು. ಪಫರ್ ಮಾಂಸ ತಿನ್ನುವ ಮೀನು, ತಿನ್ನುವುದೂ ಹೊಲಸು ಮಾಡುವುದೂ ಎರಡೂ ಜಾಸ್ತಿ. ಹೊಸ ತೊಟ್ಟಿಯಲ್ಲಿ ಆ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಇರುವುದಿಲ್ಲ. ಮೀನು ಬಿಟ್ಟ ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟು ನೈಟ್ರೇಟ್ ಆಗಿ ಬದಲಾಗುವ ಚಕ್ರ ಕೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟರೊಳಗೆ ಮೀನು ಬಿಟ್ಟರೆ ನೀರು ಕನ್ನಡಿಯ ಹಾಗೆ ತಿಳಿಯಾಗಿಯೇ ಇರುತ್ತದೆ, ಒಳಗೆ ಮೀನಿನ ಕಿವಿರು ಸುಡುತ್ತಿರುತ್ತದೆ. ಜನ ಮೋಸ ಹೋಗುವುದು ಇಲ್ಲಿಯೇ.

ಬಿಡುವವರೆಗೆ ಬಕೆಟ್ಟನ್ನು ನೆರಳಲ್ಲಿಡಿ, ಗಾಳಿ ಪಂಪ್ ಹಾಕಿ, ಏನೂ ತಿನ್ನಿಸಬೇಡಿ. ಬಲೆಯಲ್ಲಾಗಲಿ ಕೈಯಲ್ಲಾಗಲಿ ನೀರಿನಿಂದ ಮೇಲೆತ್ತಬೇಡಿ. ನೀರೊಳಗೆ ಹೆದರಿದರೆ ಅದು ನೀರು ಕುಡಿದು ಊದುತ್ತದೆ, ಆಮೇಲೆ ಉಗುಳಿ ಸರಿಯಾಗುತ್ತದೆ. ಮೇಲೆತ್ತಿದರೆ ಗಾಳಿ ನುಂಗುತ್ತದೆ, ಆ ಗಾಳಿಯನ್ನು ಎಷ್ಟೋ ಸಲ ಹೊರಹಾಕಲಾಗದೆ ತೇಲುತ್ತಾ ಸಾಯುತ್ತದೆ. ನಿಮ್ಮದು ಇಳಿದದ್ದು ಅದೃಷ್ಟ. ಸಮುದ್ರದಲ್ಲಿ ಮೊಣಕಾಲವರೆಗೆ ಇಳಿದು, ಬಕೆಟ್ಟನ್ನೇ ಮುಳುಗಿಸಿ ಓರೆ ಮಾಡಿ. ಅದೇ ಹೋಗುತ್ತದೆ.

ಒಂದು ಮಾತು: ಬೇರೆ ಮೀನಿನ ಜೊತೆ ಇರದೆ, ಸಮುದ್ರದ ನೀರಲ್ಲೇ ಒಂದು ದಿನ ಇದ್ದದ್ದರಿಂದ ಬಿಡಿ ಎನ್ನುತ್ತಿದ್ದೇನೆ. ಅಂಗಡಿಯಿಂದ ತಂದ ಮೀನನ್ನಾಗಲಿ, ತೊಟ್ಟಿಯಲ್ಲಿ ಬೇರೆಯವುಗಳ ಜೊತೆ ಇದ್ದದ್ದನ್ನಾಗಲಿ ಯಾವತ್ತೂ ಸಮುದ್ರಕ್ಕೋ ಕಾಳಿ ನದಿಗೋ ಬಿಡಬಾರದು. ರೋಗ ಹೊತ್ತುಕೊಂಡು ಹೋಗುತ್ತವೆ.

ಅಮ್ಮನ ಹೆದರಿಕೆ ಸುಳ್ಳಲ್ಲ, ಆದರೆ ಮುಟ್ಟಿದರೆ ಏರುವ ವಿಷವಲ್ಲ. ಟೆಟ್ರೊಡೊಟಾಕ್ಸಿನ್ ಎಂಬ ಈ ವಿಷ ಇರುವುದು ಮುಖ್ಯವಾಗಿ ಪಿತ್ತಜನಕಾಂಗ, ಮೊಟ್ಟೆಯ ಗೂಡು, ಕರುಳು, ಚರ್ಮದಲ್ಲಿ. ತಿಂದರೆ ತುಟಿ ನಾಲಿಗೆ ಮರಗಟ್ಟಿ, ಆಮೇಲೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಬೇಯಿಸಿದರೂ ಹೋಗುವುದಿಲ್ಲ, ಪ್ರತಿವಿಷವೂ ಇಲ್ಲ. ತಿಳಿಯದೆ ಯಾರಾದರೂ ತಿಂದಿದ್ದರೆ ಕೃತಕ ಉಸಿರಾಟದ ಸೌಲಭ್ಯ ಇರುವ ಆಸ್ಪತ್ರೆಗೆ ತಕ್ಷಣ ಒಯ್ಯಬೇಕು. ಮೀನಿನ ಬಾಯಿಯ ಹತ್ತಿರ ಮಗುವಿನ ಬೆರಳು ಹೋಗದಂತೆಯೂ ನೋಡಿಕೊಳ್ಳಿ, ಚಿಪ್ಪು ಒಡೆಯುವ ಹಲ್ಲು ಅದು.

ಪ್ರಶ್ನೆ, ಶಿರಸಿಯಿಂದ:

ಇದೇ ವಿಷಯ ಬಂತಲ್ಲ ಎಂದು ಕೇಳುತ್ತಿದ್ದೇನೆ ಸರ್. ಎರಡು ತಿಂಗಳ ಹಿಂದೆ ಅಂಗಡಿಯಿಂದ ಹಸಿರು ಮೈಯ, ಕಪ್ಪು ಚುಕ್ಕೆಯ ಸಣ್ಣ ಪಫರ್ ತಂದೆ. ಸಿಹಿನೀರಿನದು ಅಂದರು. ಈಗ ಮಂಕಾಗಿ ಮೂಲೆಯಲ್ಲಿ ಕೂರುತ್ತದೆ, ಹೊಟ್ಟೆ ಕಪ್ಪಾಗಿದೆ. ಉಪ್ಪು ಬೇಕು ಅಂತ ಈಗ ಗೊತ್ತಾಯಿತು. ನಮಗೆ ಸಮುದ್ರ ದೂರ. ಸಾಣಿಕಟ್ಟೆಯ ಉಪ್ಪು ಮನೆಯಲ್ಲಿ ಚೀಲಗಟ್ಟಲೆ ಇದೆ, ಸಮುದ್ರದ್ದೇ ಅಲ್ಲವೇ? ಅದನ್ನೇ ಕರಗಿಸಿದರೆ ಆಗದೇ?

ಉತ್ತರ:

ಒಳ್ಳೆಯ ಪ್ರಶ್ನೆ, ಬಹಳ ಜನ ಹೀಗೇ ಅಂದುಕೊಳ್ಳುತ್ತಾರೆ. ಸಾಣಿಕಟ್ಟೆಯ ಉಪ್ಪು ಸಮುದ್ರದಿಂದ ಬಂದದ್ದು ಹೌದು, ಆದರೆ ಸಮುದ್ರ ಪೂರ್ತಿ ಅದರಲ್ಲಿ ಬಂದಿರುವುದಿಲ್ಲ. ಉಪ್ಪಿನ ಆಗರದಲ್ಲಿ ನೀರು ಬಿಸಿಲಿಗೆ ಇಂಗುವಾಗ ಮೊದಲು ಸುಣ್ಣದ ಅಂಶ ಕೆಳಗೆ ಕೂರುತ್ತದೆ, ಆಮೇಲೆ ಜಿಪ್ಸಮ್, ಅದಾದ ಮೇಲೆ ನಾವು ತಿನ್ನುವ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ ಹೆಚ್ಚಿನಂಶ ಕೊನೆಗೆ ಉಳಿಯುವ ಕಹಿ ನೀರಲ್ಲೇ ಹೋಗುತ್ತದೆ. ಹಾಗಾಗಿ ಚೀಲದಲ್ಲಿರುವುದು ಬಹುಪಾಲು ಸೋಡಿಯಂ ಕ್ಲೋರೈಡ್. ಅದನ್ನು ಎಷ್ಟು ಕರಗಿಸಿದರೂ ತಿರುಗಿ ಸಮುದ್ರದ ನೀರಾಗುವುದಿಲ್ಲ, ಪಿಎಚ್ (ನೀರಿನ ಆಮ್ಲ-ಕ್ಷಾರದ ಮಟ್ಟ) ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಅಕ್ವೇರಿಯಂಗೆಂದೇ ಸಿಗುವ ಮರೈನ್ ಸಾಲ್ಟ್ ತನ್ನಿ. ಪೂರ್ತಿ ಸಮುದ್ರದ ಹದಕ್ಕೆ ಲೀಟರಿಗೆ ಸುಮಾರು 35 ಗ್ರಾಂ. ನಿಮ್ಮ ಮೀನಿಗೆ ಈಗಲೇ ಅಷ್ಟು ಬೇಡ.

ಅಂಗಡಿಯವರು ಸಿಹಿನೀರಿನದು ಅಂದದ್ದು ತಪ್ಪು. ಇದು ಅಳಿವೆಯ ಮೀನು, ಮರಿಯಲ್ಲಿ ಸಿಹಿನೀರು ತಡೆಯುತ್ತದೆ, ಬೆಳೆಯುತ್ತಾ ಉಪ್ಪು ಬೇಡುತ್ತದೆ. ನೀರಿನ ಉಪ್ಪಿನ ಹದ ಅಳೆಯುವ ರಿಫ್ರಾಕ್ಟೋಮೀಟರ್ ಒಂದನ್ನು ಕೊಳ್ಳಿ. ನೀರು ಬದಲಿಸುವಾಗಲೆಲ್ಲ ಸ್ವಲ್ಪ ಸ್ವಲ್ಪ ಉಪ್ಪುನೀರು ಸೇರಿಸಿ, ವಾರಕ್ಕೆ 0.002ರಷ್ಟು ಮಾತ್ರ ಸಾಂದ್ರತೆ ಏರಲಿ. ಸಿಹಿನೀರಿನದು 1.000, ಅದನ್ನು ಮೊದಲು 1.005ಕ್ಕೆ, ನಿಧಾನಕ್ಕೆ 1.010ಕ್ಕೆ ತನ್ನಿ. ಅವಸರ ಮಾಡಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತದೆ, ಹೊಸ ತೊಂದರೆ ಶುರುವಾಗುತ್ತದೆ. ಇನ್ನೊಂದು, ತೊಟ್ಟಿಯ ನೀರು ಇಂಗಿ ಕಡಿಮೆಯಾದಾಗ ಸಿಹಿನೀರನ್ನೇ ಸೇರಿಸಬೇಕು. ಆವಿಯಾಗುವುದು ನೀರು, ಉಪ್ಪು ಒಳಗೇ ಇರುತ್ತದೆ.

ಪ್ರಶ್ನೆ, ಅಂಕೋಲೆಯಿಂದ:

ನಮ್ಮನೆಯ ಪಫರ್ ಒಂದೂವರೆ ವರ್ಷದ್ದು, ಚೆನ್ನಾಗಿಯೇ ಇತ್ತು. ಸುಲಿದ ಶೆಟ್ಲಿ (ಸಿಗಡಿ) ಮಾತ್ರ ಕೊಡುವುದು, ಅದು ಬಹಳ ಇಷ್ಟ ಅದಕ್ಕೆ. ಈಗ ಹತ್ತು ದಿನದಿಂದ ತಿನ್ನಲು ಬರುತ್ತದೆ, ಬಾಯಿ ಹಾಕುತ್ತದೆ, ಬಿಟ್ಟುಬಿಡುತ್ತದೆ. ಹಲ್ಲು ಮುಂದೆ ಬಂದ ಹಾಗೆ ಕಾಣುತ್ತದೆ.

ಉತ್ತರ:

ಅಕ್ಕಾ, ಹಲ್ಲು ಬೆಳೆದಿದೆ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೆತ್ತನೆಯ ಶೆಟ್ಲಿ ಮಾತ್ರ ಕೊಟ್ಟು ಒಂದು ಪಫರನ್ನು ಕಳೆದುಕೊಂಡೆ. ಹಸಿದುಕೊಂಡು ಗಾಜಿನ ಹತ್ತಿರ ಬಂದು ನನ್ನನ್ನೇ ನೋಡುತ್ತಿತ್ತು, ಬಾಯಿ ತೆರೆಯಲಾಗುತ್ತಿರಲಿಲ್ಲ. ಆ ನೋಟ ಈಗಲೂ ಮರೆತಿಲ್ಲ.

ಪಫರಿನ ಹಲ್ಲು ನಾಲ್ಕು, ಗಿಳಿಯ ಕೊಕ್ಕಿನ ಹಾಗೆ ಕೂಡಿಕೊಂಡಿರುತ್ತವೆ, ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತವೆ. ಗಟ್ಟಿ ಚಿಪ್ಪು ಒಡೆದು ತಿಂದರೆ ಮಾತ್ರ ಸವೆಯುತ್ತವೆ. ಈಗ ಬೆಳೆದದ್ದನ್ನು ಕತ್ತರಿಸಬೇಕು. ಲವಂಗದ ಎಣ್ಣೆಯಿಂದ ಮಂಪರು ಬರಿಸಿ, ಒದ್ದೆ ಬಟ್ಟೆಯಲ್ಲಿ ಹಿಡಿದು, ಸಣ್ಣ ಕಟ್ಟರಿನಿಂದ ತುದಿ ತೆಗೆಯುವ ಕೆಲಸ ಅದು. ಎಣ್ಣೆ ಸ್ವಲ್ಪ ಹೆಚ್ಚಾದರೂ ಮೀನು ಮತ್ತೆ ಏಳದೇ ಹೋಗಬಹುದು. ದಯವಿಟ್ಟು ನೀವೇ ಮಾಡಬೇಡಿ, ಮೀನು ನೋಡಿ ಗೊತ್ತಿರುವ ಪಶುವೈದ್ಯರನ್ನು ಈ ವಾರವೇ ಹುಡುಕಿ. ನಿಮ್ಮ ಊರ ಹತ್ತಿರದವರ ಬಗ್ಗೆ ಖಾಸಗಿಯಾಗಿ ತಿಳಿಸುತ್ತೇನೆ.

ಚೇತರಿಸಿಕೊಂಡ ಮೇಲೆ ಬಳಚು, ಅಂದರೆ ಚಿಪ್ಪುಮೀನು, ಕೊಡಿ. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ? ಅಘನಾಶಿನಿ ನದಿಯ ಬಳಚು, ನೀಲಿಕಲ್ಲು ಎಂಬ ಇನ್ನೊಂದು ಚಿಪ್ಪುಮೀನು, ಸಣ್ಣ ಏಡಿ, ಚಿಪ್ಪಿನ ಸಮೇತದ ಶೆಟ್ಲಿ. ತಂದದ್ದನ್ನು ತೊಳೆದು ಕೆಲವು ದಿನ ಫ್ರೀಜರಿನಲ್ಲಿಟ್ಟು ಕೊಟ್ಟರೆ ಪರೋಪಜೀವಿಗಳ ಕಾಟ ಕಡಿಮೆ. ದಿನಾ ಒಂದೇ ಬೇಡ, ಬದಲಾಯಿಸುತ್ತಿರಿ. ಕೆಲವು ಚಿಪ್ಪುಮೀನಿನಲ್ಲಿ, ಶೆಟ್ಲಿಯಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಕಿಣ್ವ ಇರುತ್ತದೆ. ಬೇಡುತ್ತದೆಂದು ದಿನಕ್ಕೆ ನಾಲ್ಕು ಸಲ ಹಾಕಬೇಡಿ, ಅದು ಬೇಡದೆ ಇರುವ ಹೊತ್ತೇ ಇಲ್ಲ.

ಒಂದು ಸಲ ಬಳಚು ಹಾಕಿ ಪಕ್ಕದಲ್ಲಿ ಕೂತು ನೋಡಿ. ಮೊದಲು ಅದರ ಮೇಲೆ ನಿಂತಲ್ಲೇ ತೇಲುತ್ತದೆ, ಒಂದು ಕಣ್ಣು ಬಳಚಿನ ಮೇಲೆ, ಇನ್ನೊಂದು ನಿಮ್ಮ ಮೇಲೆ. ಬಾಯಿಂದ ನೀರು ಊದಿ ಮರಳು ಸರಿಸುತ್ತದೆ. ತಿರುಗಿಸಿ ತಿರುಗಿಸಿ ಅಂಚು ಹುಡುಕಿ ಕಚ್ಚಿದರೆ ಟಕ್ ಅನ್ನುವ ಸದ್ದು ಗಾಜಿನ ಈಚೆಗೂ ಕೇಳುತ್ತದೆ. ಚಿಪ್ಪಿನ ಚೂರು ಮಾತ್ರ ಆಮೇಲೆ ಆರಿಸಿ ತೆಗೆಯಿರಿ.

ಮೊದಲು ಕೇಳಿದವರು, ಕಾರವಾರದಿಂದ:

ಬಿಟ್ಟು ಬಂದೆವು ಸರ್. ಬಕೆಟ್ ಓರೆ ಮಾಡಿದ ಮೇಲೂ ಸ್ವಲ್ಪ ಹೊತ್ತು ಒಳಗೇ ನಿಂತಿತ್ತು, ಆಮೇಲೆ ಒಂದು ಅಲೆಯ ಜೊತೆ ಹೋಯಿತು. ಮಗಳು ದಾರಿಯುದ್ದಕ್ಕೂ ಅತ್ತಳು. ಸರಿಯಾಗಿ ತಯಾರಿ ಮಾಡಿಕೊಂಡು ಸಣ್ಣ ಜಾತಿಯದನ್ನು ಸಾಕೋಣ ಅಂತ ಮಾತು ಕೊಟ್ಟಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ:

ಬಹಳ ಸಂತೋಷ ಸರ್, ಮಗಳಿಗೂ ಹೇಳಿ. ಕ್ಯಾಂತಿಗ್ಯಾಸ್ಟರ್ ವ್ಯಾಲೆಂಟಿನಿ ಎಂಬ ಚೂಪು ಮೂತಿಯ ಪಫರ್ 11 ಸೆಂಟಿಮೀಟರ್ ದಾಟುವುದಿಲ್ಲ. ಮೂರಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರದ ತೊಟ್ಟಿ, ಅಂದರೆ ಸುಮಾರು 190 ಲೀಟರ್, ಅದಕ್ಕೆ ಸಾಕು. ಒಂದೇ ಒಂದು ಸಾಕಿ. ಬೇರೆ ಮೀನಿನ ರೆಕ್ಕೆ ಕಚ್ಚುತ್ತದೆ, ಶೆಟ್ಲಿ ಏಡಿಯನ್ನಂತೂ ಉಳಿಸುವುದಿಲ್ಲ. ನೊರೆ ಎಬ್ಬಿಸಿ ನೀರಿನ ಹೊಲಸು ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಬೇಕೇ ಬೇಕು, ಅದರಲ್ಲಿ ಉಳಿತಾಯ ನೋಡಬೇಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಬರುವ ಹೊತ್ತು ಹೇಳಲಾಗದು, ಬ್ಯಾಟರಿಯ ಗಾಳಿ ಪಂಪ್ ಒಂದನ್ನು ಮೊದಲೇ ಇಟ್ಟುಕೊಳ್ಳಿ.

ಈಗ ನವೆಂಬರ್, ನೀರು ತರಲು ಒಳ್ಳೆಯ ಕಾಲ. ಬೈತಖೋಲ ಬಂದರಿನ ಹತ್ತಿರ ಬೇಡ, ಡೀಸೆಲ್ ಇರುತ್ತದೆ. ಮಾಜಾಳಿ ಕಡೆ ಹೋಗಿ, ಭರತದ (ಉಬ್ಬರದ) ಹೊತ್ತಿನಲ್ಲಿ ತುಂಬಿಸಿ, ಬಟ್ಟೆಯಲ್ಲಿ ಸೋಸಿ, ಮುಚ್ಚಿ ಕತ್ತಲಲ್ಲಿ ಒಂದೆರಡು ವಾರ ಇಡಿ. ಸಾಂದ್ರತೆ 1.023ರಿಂದ 1.025, ಪಿಎಚ್ 8.1ರಿಂದ 8.4, ಬಿಸಿ 24ರಿಂದ 27 ಡಿಗ್ರಿ. ಜೂನ್ ಬಂದ ಮೇಲೆ ದಂಡೆಯ ನೀರನ್ನು ಮುಟ್ಟಬೇಡಿ, ಕಾಳಿ ತುಂಬಿ ಬಂದಾಗ ಅಳಿವೆಯ ಮೇಲುನೀರು ಹೆಚ್ಚುಕಡಿಮೆ ಸಿಹಿಯೇ ಆಗಿರುತ್ತದೆ. ಆ ನಾಲ್ಕು ತಿಂಗಳಿಗೆ ಮರೈನ್ ಸಾಲ್ಟ್ ತೆಗೆದಿಡಿ.

ತೊಟ್ಟಿಯೊಳಗೆ ಚಂದಕ್ಕೆಂದು ನೇತ್ರಾಣಿ ದ್ವೀಪದ್ದೋ ಮತ್ತೆಲ್ಲಿಯದೋ ಹವಳದ ಕಲ್ಲು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ, ಒಣಗಿದ್ದಾದರೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಬ್ಯಾಕ್ಟೀರಿಯಾ ಕೂರಲು ಸೆರಾಮಿಕ್ ಉಂಗುರ ಸಾಕು.

ನೀರು ತುಂಬಿಸಿದ ದಿನ ಒಂದು ಶೆಟ್ಲಿ ಚೂರು ಹಾಕಿ ಕೊಳೆಯಲು ಬಿಡಿ, ಟೆಸ್ಟ್ ಕಿಟ್‌ನಲ್ಲಿ ಎರಡು ದಿನಕ್ಕೊಮ್ಮೆ ಅಳೆದು ಪುಸ್ತಕದಲ್ಲಿ ಬರೆಯುವ ಕೆಲಸ ಮಗಳಿಗೆ ಕೊಡಿ. ಅಮೋನಿಯಾ ಏರಿ ಇಳಿಯುತ್ತದೆ, ಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ಒಂದು ವಾರ ಅಲ್ಲೇ ನಿಂತರೆ ಆ ಪುಟದ ಫೋಟೋ ಇಲ್ಲಿ ಹಾಕಿ. ಮೀನು ಆರಿಸಲು ನಾನೂ ಜೊತೆಗೆ ಬರುತ್ತೇನೆ.